ಮೊನಾಕೊ ನೋಡಬೇಕಾದರೆ ಕಾರಿನಿಂದ ಇಳಿಯಬೇಕು

ಫೋನಿನಲ್ಲಿ ಮೊನಾಕೊ ಅಂತ ಹುಡುಕಿದರೆ ಮೊದಲು ಬರುವುದು ಕಾರು. ಆಮೇಲೆ ಬರುವುದೂ ಕಾರೇ. ಕ್ಯಾಸಿನೊ ಮುಂದೆ ನಿಂತ ಫೆರಾರಿ, ಬಂದರಿನಲ್ಲಿ ಬಂಗಲೆಯಷ್ಟು ದೊಡ್ಡ ದೋಣಿ, ಜೊತೆಗೆ 'ಇಲ್ಲಿ ಇನ್‌ಕಮ್ ಟ್ಯಾಕ್ಸೇ ಇಲ್ಲ' ಅನ್ನುವ ದನಿ. ಇಂಥ ರೀಲ್ಸ್ ನೋಡಿ ನಮ್ಮ ಹುಡುಗರು 'ದೇಶ ಅಂದ್ರೆ ಹಿಂಗಿರ್ಬೇಕು' ಅಂತ ಸ್ಟೇಟಸ್ ಹಾಕುತ್ತಾರೆ. ಹಾಕಲಿ. ಆದರೆ ನಮ್ಮ ಬಳಗದ ಮೂವರು ಆ ಊರನ್ನು ಒಂದು ಇಡೀ ದಿನ ಕಾಲ್ನಡಿಗೆಯಲ್ಲಿ ಸುತ್ತಿದ್ದೇವೆ. ರೀಲ್ಸ್‌ನವರು ತೋರಿಸುವುದು ಅರ್ಧ ಊರು, ಅದೂ ಕಾರಿನ ಕಿಟಕಿಗೆ ಕಾಣುವಷ್ಟು ಮಾತ್ರ ಅನ್ನುವುದು ನಮ್ಮ ತಕರಾರು.

ಮೊದಲು ಅಳತೆ. ಇಡೀ ದೇಶ ಇರುವುದು 2.08 ಚದರ ಕಿಲೋಮೀಟರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 510 ಎಕರೆ ಚಿಲ್ಲರೆ. ಒಂದು ದೊಡ್ಡ ಕೆರೆಯ ಅಚ್ಚುಕಟ್ಟು ಇದಕ್ಕಿಂತ ಹೆಚ್ಚಿರುತ್ತದೆ. ಅಷ್ಟರೊಳಗೆ ಸುಮಾರು 38 ಸಾವಿರ ಜನ. ಮುಂದೆ ಸಮುದ್ರ, ಹಿಂದೆ ಗೋಡೆ ನಿಲ್ಲಿಸಿದ ಹಾಗೆ ಬೆಟ್ಟ. ಬೆಳೆಯಲು ಜಾಗವಿಲ್ಲದ್ದಕ್ಕೆ ಸಮುದ್ರವನ್ನೇ ತುಂಬುತ್ತಾರೆ. ಫಾಂಟ್‌ವಿಯೆ ಅನ್ನುವ ಬಡಾವಣೆ ಹಾಗೆ ಎದ್ದದ್ದು. 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಮಾರೆತೆರ್ರಾ ಕೂಡ ಹಾಗೆಯೇ, ಸುಮಾರು 15 ಎಕರೆ.

ನೆಲ ಇಷ್ಟು ಕಡಿದಾಗಿರುವುದರಿಂದ ಈ ಊರು ನಡೆಯುವವರಿಗೆ ಒಂದು ಉಪಕಾರ ಮಾಡಿದೆ. ಊರಿನ ತುಂಬ ಸರ್ಕಾರಿ ಲಿಫ್ಟುಗಳು, ಎಸ್ಕಲೇಟರುಗಳು. ಟಿಕೆಟ್ ಇಲ್ಲ, ಯಾರೂ ಕೇಳುವುದಿಲ್ಲ. ಬಂಡೆಯೊಳಗೆ ಕೊರೆದ ದಾರಿಯಲ್ಲಿ ಹೋಗಿ ಗುಂಡಿ ಒತ್ತಿದರೆ ಮೇಲಿನ ಬೀದಿಗೆ ಏರಿಸುತ್ತದೆ. ರೈಲು ನಿಲ್ದಾಣವೂ ಬೆಟ್ಟದ ಹೊಟ್ಟೆಯೊಳಗೇ ಇದೆ. ಮುದುಕರು, ಮಗುವನ್ನು ಗಾಡಿಯಲ್ಲಿ ತಳ್ಳುವ ತಾಯಂದಿರು, ಸಾಮಾನು ಹೊತ್ತ ಕೆಲಸದವರು, ಬಿಸಿಲಿಗೆ ಬೆಂದ ನಮ್ಮಂಥ ಪ್ರವಾಸಿಗಳು, ಎಲ್ಲರಿಗೂ ಅದೇ ಲಿಫ್ಟು. ಶ್ರೀಮಂತರ ಊರಿನಲ್ಲಿ ನಮಗೆ ತೀರಾ ಇಷ್ಟವಾದದ್ದು ಇದು, ಫೆರಾರಿ ಅಲ್ಲ.

ನೀವು ಹೋದರೆ ಪ್ಲಾಸ್ ದಾರ್ಮ್ ಅನ್ನುವ ಚೌಕದಿಂದ ಶುರು ಮಾಡಿ. 1880ರಿಂದ ಅಲ್ಲಿ ಸಂತೆ ನಡೆಯುತ್ತಿದೆ. ಹಣ್ಣು, ಹೂವು, ಸೊಪ್ಪು. ಒಳಗಿನ ಅಂಗಡಿಗಳಲ್ಲಿ ಸೊಕ್ಕಾ ಸಿಗುತ್ತದೆ, ಕಡಲೆಹಿಟ್ಟಿನ ದಪ್ಪ ದೋಸೆ ಅನ್ನಿ. ಬಾರ್ಬಜುವಾನ್ ಅಂತ ಇನ್ನೊಂದು, ಸೊಪ್ಪು ಮತ್ತು ಗಿಣ್ಣು ತುಂಬಿ ಕರಿದದ್ದು, ನೋಡಲು ನಮ್ಮ ಕರಿಗಡುಬಿನ ತಮ್ಮ. ಅಲ್ಲಿಂದ ಇಟ್ಟಿಗೆ ಹಾಸಿದ ಇಳಿಜಾರು ದಾರಿ ಹತ್ತಿದರೆ ಕೋಟೆಯ ಬಂಡೆ, ಅರಮನೆ. 1297ರಲ್ಲಿ ಫ್ರಾಂಸ್ವಾ ಗ್ರಿಮಾಲ್ಡಿ ಎಂಬುವನು ಸನ್ಯಾಸಿ ವೇಷದಲ್ಲಿ ಬಂದು ಈ ಕೋಟೆ ಹಿಡಿದನಂತೆ. ಮುಚ್ಚಿಡುವ ಬದಲು ಆ ಮನೆತನ ಅದನ್ನೇ ರಾಜಲಾಂಛನ ಮಾಡಿಕೊಂಡಿದೆ: ಕತ್ತಿ ಹಿಡಿದ ಇಬ್ಬರು ಸನ್ಯಾಸಿಗಳು. ಕಾವಲು ಬದಲಾಗುವುದನ್ನು ನೋಡಲು 11.55ಕ್ಕೆ ಜನ ಮುಗಿಬೀಳುತ್ತಾರೆ. ನಮಗೆ ಅದು ಅಷ್ಟೇನೂ ಅನಿಸಲಿಲ್ಲ. ಬಂಡೆಯ ಇನ್ನೊಂದು ತುದಿಯಲ್ಲಿ 1910ರ ಸಾಗರ ಮ್ಯೂಸಿಯಂ ಇದೆ, ಟಿಕೆಟ್ ದುಬಾರಿಯಾದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕಾರಿನ ಹುಚ್ಚಿರುವವರಿಗೂ ಕಾಲೇ ವಾಸಿ. ಫಾರ್ಮುಲಾ ಒನ್ ರೇಸಿನ ದಾರಿ 3.337 ಕಿಲೋಮೀಟರು, ಪೂರಾ ಸಾರ್ವಜನಿಕ ರಸ್ತೆ. ರೇಸ್ ಮುಗಿದ ಮೇಲೆ ಅದರಲ್ಲಿ ಸಿಟಿ ಬಸ್ಸು ಓಡುತ್ತದೆ, ಶಾಲೆಯ ಮಕ್ಕಳು ದಾಟುತ್ತಾರೆ. ಪಕ್ಕದ ಫುಟ್‌ಪಾತಿನಲ್ಲಿ ನಿಧಾನ ನಡೆದರೂ ಒಂದು ಗಂಟೆಯಲ್ಲಿ ಸುತ್ತು ಮುಗಿಯುತ್ತದೆ. ಟಿವಿಯಲ್ಲಿ ಕಾಣದ ಏರು ಎಷ್ಟಿದೆ ಅಂತ ಮೊಣಕಾಲಿಗೆ ಗೊತ್ತಾಗುತ್ತದೆ.

ಹಾಗೆ ಏರಿ ಬಂದರೆ ಕ್ಯಾಸಿನೊ. ಇದರ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಮೊನಾಕೊ ಒಂದು ಕಾಲದಲ್ಲಿ ದುಡ್ಡಿಲ್ಲದ ಪುಟ್ಟ ಸಂಸ್ಥಾನ. ನಿಂಬೆ ಮತ್ತು ಆಲಿವ್ ಬೆಳೆಯುತ್ತಿದ್ದ ಮಾಂಟೋನ್, ರೋಕ್‌ಬ್ರೂನ್ ಎಂಬ ಎರಡು ಊರುಗಳೇ ಅದರ ಬೊಕ್ಕಸ. ತೆರಿಗೆಯ ಭಾರಕ್ಕೆ ಸಿಟ್ಟೆದ್ದ ಆ ಊರಿನವರು 1848ರಲ್ಲಿ ಬೇರೆಯಾದರು. 1861ರಲ್ಲಿ ರಾಜ ಅವೆರಡನ್ನೂ 40 ಲಕ್ಷ ಫ್ರಾಂಕಿಗೆ ಫ್ರಾನ್ಸ್‌ಗೆ ಬಿಟ್ಟುಕೊಟ್ಟ. ನೆಲದ ಬಹುಪಾಲು ಹೋಯಿತು. ಬೆಳೆಯ ಆದಾಯ ಹೋದ ಮೇಲೆ ಹಿಡಿದದ್ದು ಜೂಜಿನ ದಾರಿ. 1863ರಲ್ಲಿ ಫ್ರಾಂಸ್ವಾ ಬ್ಲಾಂಕ್ ಎಂಬ ವ್ಯಾಪಾರಿ ಕ್ಯಾಸಿನೊ ವಹಿಸಿಕೊಂಡ, 1868ರಲ್ಲಿ ರೈಲು ಬಂತು, 1869ರಲ್ಲಿ ಆದಾಯ ತೆರಿಗೆ ತೆಗೆದರು. ಇನ್ನೊಂದು ನಿಯಮ ನೋಡಿ: ಮೊನಾಕೊದ ಪ್ರಜೆಗಳು ಆ ಕ್ಯಾಸಿನೊದಲ್ಲಿ ಜೂಜಾಡುವ ಹಾಗಿಲ್ಲ. ಆಡಿಸುವವರಿಗೆ ಆಟ ಗೊತ್ತು. ರಮ್ಮಿ ಆ್ಯಪಿನಲ್ಲಿ, ಐಪಿಎಲ್ ಬೆಟ್ಟಿಂಗಿನಲ್ಲಿ ಅಡಿಕೆ ದುಡ್ಡು ಕಳೆದವರನ್ನು ಕಂಡಿರುವ ನಮಗೆ ಇದಕ್ಕೆ ವಿವರಣೆ ಬೇಕಿಲ್ಲ.

ಈಗ ಕ್ಯಾಸಿನೊ ಸರ್ಕಾರದ ಮುಖ್ಯ ಆದಾಯವಲ್ಲ. ದೊಡ್ಡ ಪಾಲು ಬರುವುದು ವ್ಯಾಟ್‌ನಿಂದ. ಸಾಮಾನ್ಯ ದರ 20 ಶೇಕಡಾ, ಫ್ರಾನ್ಸಿನಷ್ಟೇ. ಅಂದರೆ ತೆರಿಗೆಯೇ ಇಲ್ಲದ ದೇಶ ಅನ್ನುವ ಮಾತು ಸುಳ್ಳು. ಸಂಪಾದನೆಯ ಮೇಲೆ ಇಲ್ಲ, ಖರ್ಚಿನ ಮೇಲೆ ಇದೆ. ಅಲ್ಲಿ ವಾಸವಿರುವ ಫ್ರೆಂಚ್ ಪ್ರಜೆಗಳಿಗಂತೂ ಆ ಸಂಪಾದನೆಯ ರಿಯಾಯಿತಿಯೂ ಇಲ್ಲ. 1962ರಲ್ಲಿ ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಗಡಿಯಲ್ಲಿ ಸುಂಕದವರನ್ನು ನಿಲ್ಲಿಸಿ ಬಿಗಿ ಮಾಡಿದ ಮೇಲೆ, ಮರುವರ್ಷ ಒಪ್ಪಂದವಾಯಿತು.

ಇನ್ನು ನಮ್ಮ ನಿಜವಾದ ತಕರಾರು. ಈ ಊರಿನಲ್ಲಿ ಇರುವ ಜನಕ್ಕಿಂತ ಕೆಲಸ ಮಾಡುವವರೇ ಹೆಚ್ಚು. ಕೆಲಸಗಾರರು 50 ಸಾವಿರಕ್ಕೂ ಮೇಲೆ, ಅವರಲ್ಲಿ ಬಹುಪಾಲು ಜನ ಫ್ರಾನ್ಸ್ ಮತ್ತು ಇಟಲಿಯಿಂದ ದಿನಾ ಬಂದುಹೋಗುವವರು. ಅಡುಗೆಯವರು, ಗಾರೆಯವರು, ದಾದಿಯರು, ದೋಣಿ ಉಜ್ಜುವವರು. ಅಲ್ಲಿ ಮನೆ ಮಾಡುವುದು ಅವರ ಕನಸಿಗೂ ದೂರ. ಬೆಟ್ಟದ ಲಿಫ್ಟು, ಮೆಟ್ಟಿಲು ಏರಿ ಒಂದು ರಸ್ತೆ ದಾಟಿದರೆ ಬೋಸೊಲೇ, ಅದು ಫ್ರಾನ್ಸ್. ಗೇಟಿಲ್ಲ, ಪೊಲೀಸರಿಲ್ಲ, ರಸ್ತೆಯ ಈ ಬದಿ ಒಂದು ದೇಶ, ಆ ಬದಿ ಇನ್ನೊಂದು. ಪೋರ್ಚುಗಲ್‌ನಿಂದ ದುಡಿಯಲು ಬಂದ ಕುಟುಂಬಗಳು ಅಲ್ಲಿ ಬಹಳ.

ಲೆಕ್ಕ ಹಾಕಿ ನೋಡಿ. ಕೆಳಗಿನ ಫ್ಲಾಟಿನಲ್ಲಿರುವ ಕೋಟ್ಯಧಿಪತಿಗೆ ಆದಾಯ ತೆರಿಗೆ ಇಲ್ಲ. ಅವನ ಮನೆಯ ನೆಲ ಒರೆಸಿ ಸಂಜೆ ಬೋಸೊಲೇಗೆ ಹೋಗುವ ಹೆಂಗಸು ಫ್ರಾನ್ಸಿನ ತೆರಿಗೆ ಕಾನೂನಿಗೆ ಸೇರಿದವಳು. ಅವಳ ಮಕ್ಕಳ ಶಾಲೆ, ಬೀದಿಯ ದೀಪ, ಚರಂಡಿ ಎಲ್ಲ ಪಕ್ಕದ ದೇಶದ ಖರ್ಚು. ಮೊನಾಕೊದ ರಕ್ಷಣೆಯ ಹೊಣೆಯೂ ಫ್ರಾನ್ಸಿನದೇ. ಹೀಗೆ ಅರ್ಧ ಸಂಸಾರದ ಖರ್ಚನ್ನು ನೆರೆಮನೆಯವರು ಹೊತ್ತರೆ ಯಾರ ಮನೆ ಬೇಕಾದರೂ ಸಿರಿವಂತವಾಗಿ ಕಾಣುತ್ತದೆ. ಇದನ್ನು ಮಾದರಿ ಅಂತ ತೋರಿಸುವವರು ಆ ನೆರೆಮನೆಯನ್ನೂ ಒಂದು ಸಲ ತೋರಿಸಲಿ.

ಕುತೂಹಲದ ಮಾತೆಂದರೆ ತನ್ನ ಸ್ವಂತ ಪ್ರಜೆಗಳನ್ನು, ಅವರು ಹತ್ತು ಸಾವಿರದ ಆಸುಪಾಸು, ಮೊನಾಕೊ ಸರ್ಕಾರ ಮಾರುಕಟ್ಟೆಯ ಕೈಗೆ ಬಿಟ್ಟಿಲ್ಲ. ಸರ್ಕಾರಿ ಮನೆ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಡುತ್ತದೆ. ಈ ವಿಷಯ ಯಾವ ರೀಲ್ಸ್‌ನಲ್ಲೂ ನಮಗೆ ಸಿಗಲಿಲ್ಲ.

ಹೋಗುವವರಿಗೆ ಒಂದೆರಡು ಮಾತು. ನೀಸ್ ನಗರದಲ್ಲಿ ಉಳಿದುಕೊಂಡು ರೈಲಿನಲ್ಲಿ ಹೋಗಿಬನ್ನಿ, ಅರ್ಧ ಗಂಟೆಯೂ ಬೇಡ, ದಾರಿಯುದ್ದಕ್ಕೂ ಸಮುದ್ರ. ಬರೀ ಮೈಯಲ್ಲಿ ಬೀದಿ ಸುತ್ತಿದರೆ ದಂಡ ಬೀಳಬಹುದು, ಅಂಗಿ ಹಾಕಿಕೊಳ್ಳಿ. ಸಂಜೆ ಐದರ ಮೇಲೆ ಮಾತ್ರ ಸೀಟಿನ ಆಸೆ ಬಿಡಿ. ಆ ಹೊತ್ತಿಗೆ ನೀಸ್ ಕಡೆಗೂ ಇಟಲಿಯ ವೆಂತಿಮಿಲಿಯಾ ಕಡೆಗೂ ಹೊರಡುವ ರೈಲುಗಳು ಕೆಲಸ ಮುಗಿಸಿ ಮನೆಗೆ ಹೋಗುವವರಿಂದ ತುಂಬಿರುತ್ತವೆ.