ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲವೆಂಬುದು ನಮ್ಮ ಹಿರಿಯರ ಮಾತು. ಆದರೆ ಅಂಥ ಸೊಪ್ಪೂ ಒಂದುಂಟು, ಅದೇ ಆಡುಸೋಗೆ. ಕಂಪ್ಲಿಯ ಗದ್ದೆಗಳ ಬದಿಯಲ್ಲಾಗಲಿ ಹಂಪಿಯ ಬಾಳೆತೋಟಗಳ ಬೇಲಿಯಲ್ಲಾಗಲಿ ಈ ಗಿಡವು ಸೊಂಪಾಗಿ ಬೆಳೆಯಬಲ್ಲದು. ಎಲೆಯ ಕಹಿಯೇ ಅದಕ್ಕೆ ಕಾವಲು. ಆಯುರ್ವೇದವು ಇದನ್ನು ವಾಸಾ ಎಂದು ಕರೆದು, ಕೆಮ್ಮು ದಮ್ಮುಗಳಿಗೆ ಔಷಧವಾಗಿ ಬಳಸಿದೆ.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಗಿಡಮೂಲಿಕೆಯ ಗೊಡವೆಯೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಅಳೆಯುವುದು ನಮ್ಮ ಕಸುಬು. ಈ ಗಿಡದ ವಿಷಯದಲ್ಲಿ ಬೇಕಾಗಿರುವುದೂ ಅಳತೆಯೇ.

1888ರಲ್ಲಿ ಡೇವಿಡ್ ಹೂಪರ್ ಎಂಬ ರಸಾಯನಜ್ಞನು ಈ ಎಲೆಯಿಂದ ವಾಸಿಸಿನ್ ಎಂಬ ಕ್ಷಾರಾಭವನ್ನು ಬೇರ್ಪಡಿಸಿದನು. ಮುಂದೆ ಅದರ ಅಣುರಚನೆಯನ್ನು ಮಾದರಿಯಾಗಿಟ್ಟುಕೊಂಡು ಬ್ರೋಮ್‌ಹೆಕ್ಸಿನ್ ಎಂಬ ಔಷಧವನ್ನು ರಚಿಸಲಾಯಿತು. 1963ರಲ್ಲಿ ಅದು ಬಳಕೆಗೆ ಬಂದಿತು. ಇಂದು ಅಂಗಡಿಯಲ್ಲಿ ದೊರೆಯುವ ಎಷ್ಟೋ ಕೆಮ್ಮಿನ ಔಷಧಗಳಲ್ಲಿ ಅದಾಗಲಿ, ಅದರಿಂದ ಹುಟ್ಟಿದ ಆಂಬ್ರಾಕ್ಸಾಲ್ ಆಗಲಿ ಇರುತ್ತದೆ. ಆದುದರಿಂದ ಅಜ್ಜಿಯ ಕಷಾಯವನ್ನು ಮೌಢ್ಯವೆಂದು ನಗುವವರು, ತಮಗರಿವಿಲ್ಲದೆ ಅದೇ ಗಿಡದ ಋಣವನ್ನು ಚಮಚೆಯಲ್ಲಿ ಕುಡಿಯುತ್ತಿದ್ದಾರೆ.

ಹಾಗೆಂದು ಕಣ್ಣುಮುಚ್ಚಿ ನಂಬುವುದೂ ತರವಲ್ಲ. ಎಲೆಯಲ್ಲಿರುವ ವಾಸಿಸಿನ್ನಿನ ಪ್ರಮಾಣವು ಋತುವಿನಿಂದ ಋತುವಿಗೆ, ನೆಲದಿಂದ ನೆಲಕ್ಕೆ ವ್ಯತ್ಯಾಸವಾಗುತ್ತದೆ. ಒಂದು ಹಿಡಿ ಸೊಪ್ಪೆಂಬುದು ಅಳತೆಯಲ್ಲ. ಇದಲ್ಲದೆ ವಾಸಿಸಿನ್ನಿಗೆ ಗರ್ಭಕೋಶವನ್ನು ಸಂಕುಚಿಸುವ ಗುಣವುಂಟು. ಗರ್ಭಿಣಿಯರು ಈ ಕಷಾಯವನ್ನು ಸೇವಿಸಲಾಗದು. ಗಿಡದಿಂದ ಬಂದದ್ದೆಲ್ಲ ನಿರಪಾಯವೆಂಬ ಮಾತು ಇಲ್ಲಿಯೇ ಮುರಿದುಬೀಳುತ್ತದೆ.

ಇದಕ್ಕಿಂತಲೂ ದೊಡ್ಡ ಅಪಾಯವೊಂದಿದೆ. ಕಫವು ಸಡಿಲವಾದ ಮಾತ್ರಕ್ಕೆ ರೋಗವು ಹೋಯಿತೆಂದು ಅರ್ಥವಲ್ಲ. ಸಂಡೂರಿನ ಗಣಿಗಳಲ್ಲಿ ದುಡಿಯುವವನ ಕೆಮ್ಮಿಗೆ ಕಲ್ಲಿನ ಧೂಳು ಕಾರಣವಾಗಿರಬಹುದು. ಶ್ವಾಸಕೋಶದಲ್ಲಿ ನೆಲೆಸಿದ ಸಿಲಿಕಾ ಕಣಗಳನ್ನು ಯಾವ ಕಷಾಯವೂ ತೊಳೆಯಲಾರದು. ಹೊಸಪೇಟೆಯ ಇಕ್ಕಟ್ಟಾದ ಓಣಿಯೊಂದರಲ್ಲಿ ವಾಸಿಸುವವಳ ಕೆಮ್ಮಿಗೆ ಕ್ಷಯವೇ ಕಾರಣವಾಗಿರಬಹುದು. ಆ ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿಯೇ ಜಗತ್ತಿಗೆ ತೋರಿಸಿಕೊಟ್ಟನು. ಈಗ ಕಫದ ಪರೀಕ್ಷೆಯೂ ಚಿಕಿತ್ಸೆಯೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹೀಗಿದ್ದೂ ಕಷಾಯವನ್ನು ನೆಚ್ಚಿ ತಿಂಗಳುಗಟ್ಟಲೆ ಕಾದರೆ, ರೋಗಿಯು ಕೆಡುವುದಲ್ಲದೆ ಮನೆಯ ಮಕ್ಕಳಿಗೂ ರೋಗವು ಹರಡುತ್ತದೆ. ಆ ತಪ್ಪು ಗಿಡದ್ದಲ್ಲ, ಕಾಯುವ ನಮ್ಮದು.

ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಪರೀಕ್ಷೆ, ಅನಂತರ ಔಷಧ. ಇದು ನಮ್ಮ ಅಭಿಪ್ರಾಯ. ನೆಗಡಿಯ ಕೆಮ್ಮಿಗೆ ಬಲ್ಲ ವೈದ್ಯರ ಸಲಹೆಯಂತೆ ಆಡುಸೋಗೆಯನ್ನು ಬಳಸುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಮನೆಗಳಲ್ಲಿ ಓದುಬರೆಹ ಬಲ್ಲವರು ನೀವೇ ಮೊದಲಿಗರಾಗಿರಬಹುದು. ಕೆಮ್ಮುತ್ತಿರುವ ಹಿರಿಯರ ಮುಂದೆ ಕಷಾಯವನ್ನು ಹಳಿಯಬೇಡಿ. ಅವರ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೀವು ಕಲಿತ ವಿಜ್ಞಾನವು ಮೊದಲು ಸಲ್ಲಬೇಕಾದದ್ದು ಅಲ್ಲಿಯೇ.