ಸಿ ಬರೆದವರನ್ನು ನೋಡಿ ನಗುವವರಿಗೆ

ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಸುತ್ತ ಕೋಚಿಂಗ್ ಸೆಂಟರ್‌ಗಳಿಗೂ ಪಿಜಿಗಳಿಗೂ ಬರವಿಲ್ಲ. ರಾಯಚೂರು, ಕಲಬುರಗಿ, ಚಾಮರಾಜನಗರದ ಹಳ್ಳಿಗಳಿಂದ ಬಂದವರು ಇಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾರೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಲೆಕ್ಕಕ್ಕಿಂತ ಇಂಗ್ಲಿಷ್ ಸ್ಪೆಲಿಂಗ್‌ನ ಭಯವೇ ಜಾಸ್ತಿ.

ಜಾಗ, ಆಕಾರ, ದಿಕ್ಕಿಗೆ ಸಂಬಂಧಿಸಿದ್ದು ಎನ್ನಲು ರೀಸನಿಂಗ್ ಪುಸ್ತಕಗಳಲ್ಲಿ ‘ಸ್ಪೇಷಿಯಲ್’ ಎಂಬ ಪದ ಬರುತ್ತದೆ. ಟಿ ಅಕ್ಷರ ಹಾಕಿ ಬರೆಯುವುದು ರೂಢಿ. ಯಾರಾದರೂ ಸಿ ಹಾಕಿದರೆ ‘ಹಳ್ಳಿ ಇಂಗ್ಲಿಷ್’ ಎಂದು ನಗುತ್ತಾರೆ. ನಗುವವರು ಒಮ್ಮೆ ದೊಡ್ಡ ಡಿಕ್ಷನರಿ ತೆರೆದು ನೋಡಲಿ. ಸಿ ಇರುವ ರೂಪವೂ ಅಲ್ಲಿದೆ. ಬಳಕೆ ಕಡಿಮೆ, ಅಷ್ಟೇ.

ಹಾಗೆ ಬರೆದವರ ತರ್ಕದಲ್ಲೂ ತಪ್ಪಿಲ್ಲ. ‘ಫೇಸ್’ನಿಂದ ‘ಫೇಷಿಯಲ್’, ‘ರೇಸ್’ನಿಂದ ‘ರೇಷಿಯಲ್’ ಆದಾಗ ಸಿ ಉಳಿಯುತ್ತದೆ. ‘ಸ್ಪೇಸ್’ನಲ್ಲೂ ಸಿ ಇದೆಯಲ್ಲ! ಆದರೆ ‘ಪ್ಯಾಲೇಸ್’ ‘ಪಲೇಷಿಯಲ್’ ಆಗುವಾಗ ಟಿ ಬರುತ್ತದೆ. ‘ಸ್ಪೇಸ್’ ಫ್ರೆಂಚ್ ಮೂಲಕ ಬಂದದ್ದರಿಂದ ಸಿ ಹೊತ್ತು ತಂದಿತು. ಅದರ ವಿಶೇಷಣವನ್ನು ವಿದ್ವಾಂಸರು ಆಮೇಲೆ ನೇರ ಲ್ಯಾಟಿನ್‌ನ ‘ಸ್ಪೇಷಿಯಂ’ನಿಂದ ಕಟ್ಟಿ ಟಿ ಇಟ್ಟುಕೊಂಡರು. ನಿಯಮವೇ ನೆಟ್ಟಗಿಲ್ಲದ ಕಡೆ ಕಲಿಯುವವರನ್ನು ಹಂಗಿಸುವುದೇಕೆ? ಇದೇ ಪಶ್ಚಿಮ ಬೆಂಗಳೂರಿನಲ್ಲಿ ಬಸವೇಶ್ವರನಗರದ ಹೆಸರನ್ನು ಇಂಗ್ಲಿಷ್‌ನಲ್ಲಿ ಅಂಗಡಿಗೊಂದು ಥರ ಬರೆಯುತ್ತಾರೆ. ಅದಕ್ಕೆ ಯಾರೂ ನಗುವುದಿಲ್ಲ.

ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಟಿ ಹಾಕಿಯೇ ಬರೆಯಿರಿ ಎಂದು ನಮ್ಮ ಕಿರಿಯರಿಗೆ ನಾವೂ ಹೇಳುತ್ತೇವೆ. ತಿದ್ದುವವರ ಕೈಯಲ್ಲಿ ಅಂಕ ಇರುತ್ತದೆ. ಆದರೆ ತಿದ್ದುವುದು ಬೇರೆ, ಅವಮಾನಿಸುವುದು ಬೇರೆ. ಒಮ್ಮೆ ನಕ್ಕರೆ ಸಾಕು, ಆ ಹುಡುಗಿ ತರಗತಿಯಲ್ಲಿ ಮತ್ತೆ ಬಾಯಿ ತೆರೆಯುವುದಿಲ್ಲ.

ಕನ್ನಡ ಲಿಪಿಯಲ್ಲಿ ಬರೆದಾಗಲಂತೂ ಸಿ-ಟಿ ಜಗಳವೇ ಇಲ್ಲ, ಎರಡೂ ‘ಸ್ಪೇಷಿಯಲ್’. ಬೇಕಾದರೆ ಶಕಾರವೋ ಷಕಾರವೋ ಎಂದು ಜಗಳವಾಡಬಹುದು. ಪತ್ರಕರ್ತರಾದ ನಮಗೆ ಅದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. 2022ರಲ್ಲಿ ಕೇಂದ್ರ ಸರ್ಕಾರದ ಹೊಸ ನೀತಿ ಬಂದಾಗ ‘ಜಿಯೋಸ್ಪೇಷಿಯಲ್’ ಎಂದು ಬರೆದು ಕೈತೊಳೆದುಕೊಂಡರೆ ಓದುಗರಿಗೆ ಏನು ತಿಳಿದೀತು? ಸ್ವಾಮಿತ್ವ ಯೋಜನೆಯಲ್ಲಿ 2020ರಿಂದ ಡ್ರೋನ್ ಹಾರಿಸಿ ಹಳ್ಳಿಮನೆಗಳ ಜಾಗ ಅಳೆಯುತ್ತಿದ್ದಾರೆ. ತನ್ನ ಗೋಡೆ ನಕ್ಷೆಯಲ್ಲಿ ಯಾರ ಜಾಗಕ್ಕೆ ಸೇರಿದೆ ಎಂದು ಕೇಳುವ ಅಜ್ಜಿಗೆ ನಮ್ಮ ವರದಿ ‘ಜಾಗದ ಲೆಕ್ಕ’ ಎಂದೇ ಹೇಳಬೇಕು.