ಪುಕಾರಿಗೆ ಪ್ರಕಾಶಕ ಯಾರು, ಸ್ವಾಮಿ?

ಯಾವುದಾದರೂ ಪತ್ರಿಕೆಯ ಕೊನೇ ಪುಟದ ಕೊನೇ ಸಾಲು ಓದಿದ್ದೀರಾ? ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಸಂಪಾದಕರು ಇಂಥವರು, ಮುದ್ರಕರು ಇಂಥವರು, ಪ್ರಕಾಶಕರು ಇಂಥವರು, ಅಚ್ಚಾದ ಜಾಗ ಇಂಥ ರಸ್ತೆ ಅಂತ ಇರುತ್ತೆ. ಬಸ್ಸಿನಲ್ಲಿ ಕೂತು ಸಿನಿಮಾ ಜಾಹೀರಾತಿನಿಂದ ಶ್ರದ್ಧಾಂಜಲಿಯ ತನಕ ಎಲ್ಲ ಓದಿ ಮುಗಿಸೋರು ಕೂಡ ಆ ಸಾಲಿನ ಕಡೆ ಕಣ್ಣು ಹಾಯಿಸೋದಿಲ್ಲ. ಅದನ್ನು ಕಡ್ಡಾಯ ಮಾಡಿದ್ದು ಬ್ರಿಟಿಷರ ಕಾಲದ 1867ರ ಕಾಯಿದೆ. ಬಿಳಿಯರಿಗೆ ಬೇಕಾಗಿದ್ದದ್ದು ಅಚ್ಚುಕೂಟಗಳ ಮೇಲೆ ಒಂದು ಕಣ್ಣು. ಆದ್ರೆ ಅದರಿಂದ ಓದುಗನಿಗೂ ಒಂದು ಲಾಭವಾಯಿತು. ಸುಳ್ಳು ಬರೆದರೆ ಯಾರ ಬಾಗಿಲು ತಟ್ಟಬೇಕು, ಯಾರ ಮೇಲೆ ದಾವಾ ಹೂಡಬೇಕು ಅನ್ನೋದು ಅವನಿಗೂ ತಿಳಿಯಿತು.

ಆ ಹಳೇ ಕಾಯಿದೆಯ ಜಾಗಕ್ಕೆ 2023ರಲ್ಲಿ ಹೊಸದು ಬಂತು. 2024ರ ಮಾರ್ಚ್ 1ರಿಂದ ಅದು ಜಾರಿಯಲ್ಲಿದೆ. ಅದೂ ಅಚ್ಚಾದ ಕಾಗದಕ್ಕೆ ಸಂಬಂಧಪಟ್ಟದ್ದೇ. ಆದ್ರೆ ಗಾಂಧಿಬಜಾರಿನ ಹೂವಿನಂಗಡಿಯಲ್ಲಿ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ, ಮಾರ್ಕೆಟ್ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಇವತ್ತು ಜನ ನೋಡ್ತಿರೋ ಸುದ್ದಿ ಬರೋದು ಅಂಗೈಯಗಲದ ಗಾಜಿನ ಮೇಲೆ. ಅದರ ಕೊನೇ ಸಾಲಿನಲ್ಲಿ ಯಾರ ಹೆಸರಿದೆ? ಹೆಸರೂ ಇಲ್ಲ, ರಸ್ತೆಯೂ ಇಲ್ಲ. "ತಕ್ಷಣ ಎಲ್ಲರಿಗೂ ಕಳಿಸಿ" ಅಂತ ಮಾತ್ರ ಇರುತ್ತೆ.

ಈ ಹೆಸರಿಲ್ಲದ ಸುದ್ದಿಗೆ ನಮ್ಮ ಚಾಮರಾಜಪೇಟೆಯಲ್ಲೇ ಒಂದು ಜೀವ ಹೋಗಿದೆ. ಮರೆತಿದ್ದರೆ ನೆನಪು ಮಾಡಿಕೊಳ್ಳೋಣ.

ಪೆನ್ಶನ್ ಮೊಹಲ್ಲಾದಲ್ಲಿ ಆದದ್ದು

2018ರ ಮೇ 23, ಬುಧವಾರ. ವಿಧಾನಸೌಧದ ಮುಂದೆ ಕುಮಾರಸ್ವಾಮಿಯವರ ಪ್ರಮಾಣವಚನದ ಸಡಗರ. ದೇಶದ ದೊಡ್ಡ ದೊಡ್ಡ ನಾಯಕರೆಲ್ಲ ಊರಿಗೆ ಬಂದಿದ್ದರು. ಅದೇ ದಿನ ಚಾಮರಾಜಪೇಟೆಯ ಪೆನ್ಶನ್ ಮೊಹಲ್ಲಾದಲ್ಲಿ, ರಾಜಸ್ಥಾನದಿಂದ ಹೊಟ್ಟೆಪಾಡಿಗೆ ಬಂದಿದ್ದ 26 ವರ್ಷದ ಒಬ್ಬ ಯುವಕನನ್ನು "ಮಕ್ಕಳ ಕಳ್ಳ" ಅಂತ ಜನ ಹಿಡಿದರು. ಹಗ್ಗದಲ್ಲಿ ಕಟ್ಟಿದರು. ಬೀದಿಯಲ್ಲಿ ಎಳೆದಾಡಿದರು. ಕ್ರಿಕೆಟ್ ಬ್ಯಾಟು, ದೊಣ್ಣೆ, ಕೈಗೆ ಸಿಕ್ಕಿದ್ದರಲ್ಲಿ ಬಡಿದರು. ಬಿಡಿಸೋದು ಬಿಟ್ಟು ಫೋನಿನಲ್ಲಿ ಚಿತ್ರ ಹಿಡಿದವರೂ ಇದ್ದರು. ಅವನ ಪ್ರಾಣ ಉಳಿಯಲಿಲ್ಲ. ಅವನು ಯಾವ ಮಗುವನ್ನೂ ಕದ್ದಿರಲಿಲ್ಲ.

ಅದಕ್ಕೂ ಮೊದಲೇ ಊರಿನ ಫೋನುಗಳಲ್ಲಿ ಒಂದು ಪುಕಾರು ಓಡಾಡುತ್ತಿತ್ತು. ಉತ್ತರದಿಂದ ಮಕ್ಕಳ ಕಳ್ಳರ ದಂಡೇ ಬೆಂಗಳೂರಿಗೆ ಇಳಿದಿದೆ ಅಂತ. ಅಂಥ ಯಾವ ದಂಡೂ ಇಲ್ಲ ಅಂತ ಪೊಲೀಸರು ಹೇಳಿದರು. ಅವರ ಮಾತು ವಾಟ್ಸಾಪಿನಷ್ಟು ಜೋರಾಗಿ ಓಡಲಿಲ್ಲ.

ಆ ದಿನಗಳಲ್ಲಿ ದೇಶದ ತುಂಬ ಸುತ್ತಾಡಿದ ಒಂದು ವಿಡಿಯೋದ ಕಥೆ ಕೇಳಿ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗ್ತಾರೆ. ನೋಡಿದ ತಾಯಂದಿರ ಎದೆ ಒಡೆಯಿತು. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳನ್ನು ಜೋಪಾನ ಮಾಡಿ ಅಂತ ತಿಳಿಹೇಳಲು ನಟರಿಂದ ಮಾಡಿಸಿದ ಜಾಗೃತಿ ಚಿತ್ರ. ಕೊನೆಯಲ್ಲಿ ಬೈಕಿನವರು ಮಗುವನ್ನು ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸ್ತಾರೆ. ಆ ಕೊನೇ ತುಣುಕನ್ನು ಯಾರೋ ಕತ್ತರಿಸಿದರು. ಉಳಿದದ್ದನ್ನು ನಮ್ಮೂರಿನ ಘಟನೆ ಅಂತ ಹರಿಯಬಿಟ್ಟರು. ಯಾರು ಕತ್ತರಿಸಿದ್ದು? ಮುದ್ರಕರ ಹೆಸರಿಲ್ಲ!

ಚಾಮರಾಜಪೇಟೆ ಅಂದ್ರೆ ಕನ್ನಡ ಸಾಹಿತ್ಯ ಪರಿಷತ್ತಿನ ಪೇಟೆ. ಅಕ್ಷರದ ಪೇಟೆ. ಅಲ್ಲೇ ಹೀಗಾಯಿತು ಅಂದ ಮೇಲೆ, ಓದು ಬರಹ ಬರದ ಜನ ಮಾತ್ರ ಪುಕಾರು ನಂಬ್ತಾರೆ ಅನ್ನೋ ಮಾತು ನಿಲ್ಲೋದಿಲ್ಲ.

ಪುಕಾರು ಹೊಸದೇನಲ್ಲ

ಹಾಗಂತ ಎಲ್ಲ ತಪ್ಪನ್ನೂ ಫೋನಿನ ತಲೆಗೆ ಕಟ್ಟೋದೂ ಸರಿಯಲ್ಲ. ಫೋನು ಜೇಬಿಗೆ ಬರೋಕೆ ಮೊದಲೇ ಬೆಂಗಳೂರಿನ ಬಾಗಿಲುಗಳ ಮೇಲೆ ಜನ "ನಾಳೆ ಬಾ" ಅಂತ ಬರೆದಿದ್ದರು. ರಾತ್ರಿ ಹೊತ್ತು ದೆವ್ವ ಬಂದು ಬಾಗಿಲು ಬಡಿಯುತ್ತೆ, ಬರೆದದ್ದು ಓದಿ ವಾಪಸ್ ಹೋಗುತ್ತೆ ಅನ್ನೋ ನಂಬಿಕೆ. 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿದ ಸುದ್ದಿ ಒಂದೇ ದಿನದಲ್ಲಿ ದೇಶವನ್ನೆಲ್ಲ ಸುತ್ತಿತು. ಆಗ ಇದ್ದದ್ದು ಎಸ್‌ಟಿಡಿ ಬೂತು, ಟೆಲಿಫೋನು, ಬಾಯಿಮಾತು ಅಷ್ಟೇ.

ದೆವ್ವದ ಪುಕಾರಿಗೆ ಸೀಮೆಸುಣ್ಣ ಖರ್ಚಾಯಿತು. ಗಣೇಶನ ಸುದ್ದಿಗೆ ಹಾಲು ಖರ್ಚಾಯಿತು. ಮನುಷ್ಯರ ಮೇಲೆ ಹುಟ್ಟಿದ ಪುಕಾರಿನ ಲೆಕ್ಕವೇ ಬೇರೆ. 2012ರ ಆಗಸ್ಟ್ ನೆನಪಿದೆಯಾ? ಅಸ್ಸಾಮಿನ ಗಲಭೆಯ ಬೆನ್ನಿಗೆ, ಈಶಾನ್ಯ ರಾಜ್ಯದವರ ಮೇಲೆ ಬೆಂಗಳೂರಿನಲ್ಲಿ ದಾಳಿ ನಡೆಯುತ್ತೆ ಅನ್ನೋ ಎಸ್ಸೆಮ್ಮೆಸ್ ಹರಿದಾಡಿತು. ಎರಡು ಮೂರು ದಿನದಲ್ಲಿ ಸಾವಿರಾರು ಜನ ಗಂಟುಮೂಟೆ ಕಟ್ಟಿ ಸಿಟಿ ರೈಲ್ವೆ ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಆಗ ಗೃಹ ಸಚಿವರಾಗಿದ್ದ ಆರ್. ಅಶೋಕ್ ನಿಲ್ದಾಣಕ್ಕೇ ಹೋಗಿ, "ಹೋಗಬೇಡಿ" ಅಂತ ಬೇಡಿಕೊಂಡರು. ಕೊನೆಗೆ ಕೇಂದ್ರ ಸರ್ಕಾರ ಗುಂಪು ಎಸ್ಸೆಮ್ಮೆಸ್ಸಿಗೆ 15 ದಿನ ಐದರ ಮಿತಿ ಹಾಕಿತು.

ಚಾಮರಾಜಪೇಟೆಯ ಘಟನೆ ಆಗಿ ಎರಡು ತಿಂಗಳೂ ಕಳೆದಿರಲಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಇನ್ನೊಂದು ಸಾವು. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದರು. ಅದನ್ನು ಕಂಡವರಿಗೆ ಅನುಮಾನ ಬಂತು, ಜಗಳವಾಯಿತು. ಗೆಳೆಯರು ಕಾರು ಹತ್ತಿ ಹೊರಟರು. ಆದ್ರೆ ವಾಟ್ಸಾಪ್ ಸಂದೇಶ ಕಾರಿಗಿಂತ ಮುಂಚೆ ಮುರ್ಕಿ ತಲುಪಿತ್ತು. ಅಲ್ಲಿ ದಾರಿ ಕಟ್ಟಿ ಹೊಡೆದರು. ಬಿಡಿಸೋಕೆ ಹೋದ ಪೊಲೀಸರಿಗೂ ಏಟು ಬಿತ್ತು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ.

ಹಳೇ ಪುಕಾರಿಗೂ ಹೊಸ ಪುಕಾರಿಗೂ ಇರೋ ವ್ಯತ್ಯಾಸ ಇಲ್ಲಿದೆ ನೋಡಿ. ಹಿಂದೆ ವಠಾರದಲ್ಲಿ ಗುಲ್ಲೆದ್ದರೆ, "ಯಾರು ಹೇಳಿದ್ದು?" ಅಂತ ಕೇಳುತ್ತಾ ಹೋದರೆ ನಾಲ್ಕನೇ ಮನೆಯಲ್ಲಿ ಮೂಲ ಸಿಗ್ತಿತ್ತು. ಹೇಳಿದವರಿಗೆ ಮಾರನೇ ದಿನ ಮುಖ ತೋರಿಸಬೇಕಾದ ಭಯವೂ ಇತ್ತು. ಈಗ ಆ ಭಯವಿಲ್ಲ.

ಫೋನಿನ ಸುದ್ದಿ ಎಲ್ಲಾ ಸುಳ್ಳಲ್ಲ

ನ್ಯಾಯವಾಗಿ ಹೇಳಬೇಕಲ್ಲ, ಫೋನಿನಲ್ಲಿ ನಿಜವೂ ಬರುತ್ತೆ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಖಾತೆಯಿಂದ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಅಂತ. ಸುದ್ದಿ ಫೋನಿನಿಂದ ಫೋನಿಗೆ ಹಬ್ಬಿತು. ಪಿಂಚಣಿ ಹಣ ಇಟ್ಟಿದ್ದ ಹಿರಿಯರು ಬ್ಯಾಂಕಿನ ಮುಂದೆ ಜಮಾಯಿಸಿದರು. ಆ ಸುದ್ದಿಯ ಬೆನ್ನಿಗೆ ರಿಸರ್ವ್ ಬ್ಯಾಂಕಿನ ಆದೇಶವಿತ್ತು, ತಾರೀಖಿತ್ತು. ಕೇಳಿದರೆ ತೋರಿಸೋಕೆ ಕಾಗದವಿತ್ತು.

ಇನ್ನೊಂದು ಬಗೆ ಉಂಟು, ಅರ್ಧ ನಿಜ ಅರ್ಧ ಗಾಳಿ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಿತು. ಅದು ನಿಜ. "ಫೋನ್‌ನಲ್ಲಿ ದುಡ್ಡು ತಗೊಂಡೋರಿಗೆಲ್ಲ ತೆರಿಗೆ" ಅನ್ನೋದು ಗಾಳಿ. ಎಷ್ಟೋ ಅಂಗಡಿಗಳಲ್ಲಿ ಸ್ಕ್ಯಾನ್ ಮಾಡುವ ಚೀಟಿ ಕಿತ್ತು ಹಾಕಿ, "ಯುಪಿಐ ಇಲ್ಲ, ನಗದು ಮಾತ್ರ" ಅಂತ ಬೋರ್ಡು ನೇತುಹಾಕಿದರು. ವರ್ಷಕ್ಕೆ ಸರಕಿನ ವಹಿವಾಟು 40 ಲಕ್ಷ, ಸೇವೆಯದು 20 ಲಕ್ಷ ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ, ಹಾಲು ತರಕಾರಿಗೆ ತೆರಿಗೆಯೇ ಇಲ್ಲ ಅಂತ ಇಲಾಖೆ ತಿಳಿಹೇಳಬೇಕಾಯಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ವ್ಯಾಪಾರಿಗಳನ್ನು ಕರೆದು ಮಾತಾಡಿದ ಮೇಲೆ ಗುಲ್ಲು ತಣ್ಣಗಾಯಿತು. ಅಷ್ಟರಲ್ಲಿ ಎಷ್ಟು ಗಿರಾಕಿಗಳು ಚಿಲ್ಲರೆ ಇಲ್ಲದೆ ವಾಪಸ್ ಹೋದರೋ!

ಈಗ ಮುಖವೂ ಖೊಟ್ಟಿ

ಇಷ್ಟು ದಿನ "ನಾನೇ ಕಣ್ಣಾರೆ ವಿಡಿಯೋ ನೋಡ್ದೆ" ಅನ್ನೋದು ದೊಡ್ಡ ಸಾಕ್ಷಿಯಾಗಿತ್ತು. ಇನ್ನು ಮೇಲೆ ಅದೂ ನಡೆಯೋದಿಲ್ಲ. ಕೃತಕ ಬುದ್ಧಿಮತ್ತೆ ಅನ್ನೋ ಹೊಸ ಕಸುಬು ಬಂದಿದೆ. ಯಾರದೇ ಮುಖ, ಯಾರದೇ ಕಂಠ ಕೊಟ್ಟರೂ ಕಂಪ್ಯೂಟರು ಅವರ ಬಾಯಲ್ಲಿ ಅವರು ಆಡದ ಮಾತು ಆಡಿಸುತ್ತೆ. ಇನ್ಫೋಸಿಸ್ ನಾರಾಯಣಮೂರ್ತಿಯವರು ಯಾವುದೋ ಹೂಡಿಕೆ ಆ್ಯಪಿಗೆ ದುಡ್ಡು ಹಾಕಿ ಅಂತ ಹೇಳುವ ಖೊಟ್ಟಿ ವಿಡಿಯೋಗಳು ಹರಿದಾಡಿದವು. 2023ರ ಡಿಸೆಂಬರಿನಲ್ಲಿ ಅವರೇ ಮುಂದೆ ಬಂದು, ಅದು ನಾನಲ್ಲ, ನಂಬಿ ಮೋಸ ಹೋಗಬೇಡಿ ಅಂತ ಹೇಳಬೇಕಾಯಿತು.

ಮೂರ್ತಿಯವರ ಮಾತನ್ನು ಪತ್ರಿಕೆಗಳು ಹಾಕ್ತವೆ. ನಿಮ್ಮ ಮಗನ ಕಂಠದಲ್ಲಿ "ಅಪ್ಪಾ, ಆಕ್ಸಿಡೆಂಟ್ ಆಗಿದೆ, ಬೇಗ ದುಡ್ಡು ಕಳಿಸಿ" ಅಂತ ಕರೆ ಬಂದರೆ ಯಾರು ಬಂದು "ಅದು ನಾನಲ್ಲ" ಅಂತಾರೆ? ಕರೆ ಇಟ್ಟು, ಮಗನ ನಂಬರಿಗೆ ನೀವೇ ಫೋನು ಮಾಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ದೂರು ಕೊಡಿ.

ಕಾನೂನು ಎಲ್ಲಿದೆ?

ಹಾಗಾದ್ರೆ ಸರ್ಕಾರ ಏನು ಮಾಡ್ತಿದೆ? ಮಾಡ್ತಿದೆ, ಇಲ್ಲ ಅನ್ನೋಕಾಗಲ್ಲ. 2018ರಲ್ಲಿ ಸಾಲು ಸಾಲಾಗಿ ಸಾವುಗಳಾದ ಮೇಲೆ ಕೇಂದ್ರ ಸರ್ಕಾರ ವಾಟ್ಸಾಪ್ ಕಂಪನಿಗೆ ಛೀಮಾರಿ ಹಾಕಿತು. ಕಂಪನಿ ಫಾರ್ವರ್ಡ್ ಮಾಡಿದ ಸಂದೇಶಕ್ಕೆ ಗುರುತು ಹಾಕಿತು. ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದು ಅಂತ ಮಿತಿ ತಂದಿತು. ಮತ್ತೆ ಅದೇ ಐದು! ಇದಕ್ಕಿಂತ ಸ್ವಾರಸ್ಯ ಏನು ಗೊತ್ತಾ? ಸುಳ್ಳು ಸುದ್ದಿ ಗುರುತಿಸೋದು ಹೇಗೆ ಅಂತ ಜನಕ್ಕೆ ಹೇಳೋಕೆ ಆ ಕಂಪನಿ ಜುಲೈ ತಿಂಗಳಲ್ಲಿ ದಿನಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಟ್ಟಿತು. ನಂಬಿಕೆಯ ಮಾತು ಬಂದಾಗ ಅದಕ್ಕೂ ಕಾಗದವೇ ಬೇಕಾಯಿತು.

2021ರ ಐಟಿ ನಿಯಮಗಳು ಇನ್ನೂ ಮುಂದೆ ಹೋದವು. ನ್ಯಾಯಾಲಯವೋ ಸರ್ಕಾರವೋ ಕೇಳಿದಾಗ, ಸಂದೇಶವನ್ನು ಮೊದಲು ಹುಟ್ಟುಹಾಕಿದವರು ಯಾರು ಅಂತ ಕಂಪನಿ ಹೇಳಬೇಕು ಅಂದವು. ಅಂದರೆ ಮುದ್ರಕರ ಹೆಸರು ಕೊಡಿ ಅಂತ. ವಾಟ್ಸಾಪ್ ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಹಾಗೆ ಹೇಳಬೇಕಾದರೆ ಎಲ್ಲರ ಸಂದೇಶದ ಬೀಗವನ್ನೂ ಒಡೆಯಬೇಕಾಗುತ್ತೆ ಅನ್ನೋದು ಅದರ ವಾದ. ವಾದದಲ್ಲಿ ಹುರುಳಿಲ್ಲ ಅನ್ನೋಕಾಗಲ್ಲ. ಕಳ್ಳನ ಬೀಗ ಒಡೆಯೋ ಕೀಲಿಯಿಂದ ನಿಮ್ಮ ಮನೆ ಬೀಗವನ್ನೂ ತೆಗೆಯಬಹುದು.

ನಮ್ಮ ರಾಜ್ಯ ಸರ್ಕಾರವೂ 2025ರ ಜೂನ್‌ನಲ್ಲಿ ಸುಳ್ಳು ಸುದ್ದಿ ತಡೆಗೆ ಒಂದು ಕರಡು ಮಸೂದೆ ತಯಾರಿಸಿತು. ಏಳು ವರ್ಷದ ತನಕ ಜೈಲು, ಹತ್ತು ಲಕ್ಷದ ತನಕ ದಂಡ ಅಂತ ಅದರಲ್ಲಿತ್ತು. ಜೊತೆಗೊಂದು ಪ್ರಾಧಿಕಾರ, ಅದಕ್ಕೆ ಮಂತ್ರಿಗಳೇ ಅಧ್ಯಕ್ಷರು! ಸರ್ಕಾರದ ಮೇಲಿನ ಟೀಕೆ ಸುಳ್ಳೋ ನಿಜವೋ ಅಂತ ಸರ್ಕಾರವೇ ತೀರ್ಪು ಕೊಟ್ಟರೆ ಹೇಗೆ ಅಂತ ತಕರಾರು ಎದ್ದಿತು. ಕೇಂದ್ರ ಸರ್ಕಾರ ಇಂಥದ್ದೇ ಒಂದು ಸತ್ಯಶೋಧನಾ ಘಟಕ ಮಾಡಲು ಹೊರಟಾಗ, ಬಾಂಬೆ ಹೈಕೋರ್ಟು 2024ರ ಸೆಪ್ಟೆಂಬರಿನಲ್ಲಿ ಅದಕ್ಕೆ ಅವಕಾಶ ಕೊಟ್ಟಿದ್ದ ನಿಯಮವನ್ನೇ ಹೊಡೆದುಹಾಕಿತ್ತು. ಗಾದಿಯಲ್ಲಿ ಯಾವ ಪಕ್ಷವಿದ್ದರೂ ಆಸೆ ಒಂದೇ.

ಗುಂಡಿ ಒತ್ತಿದವನೇ ಮುದ್ರಕ

ಪತ್ರಿಕೆಗಳೇನು ಸಾಚಾ ಅಲ್ಲ. ಅಚ್ಚಿನಲ್ಲೂ ಸುಳ್ಳು ಬಂದಿದೆ. ಫೋನಿನ ವಿಡಿಯೋವನ್ನೇ ಎತ್ತಿ ದಿನವಿಡೀ ತಿರುಗಿಸೋ ಟಿವಿ ಚಾನೆಲ್ಲುಗಳಿವೆ. ಆದ್ರೆ ಬಸವನಗುಡಿಯಲ್ಲಿದ್ದ ಲಂಕೇಶ್ ಪತ್ರಿಕೆಯನ್ನೇ ತಗೊಳ್ಳಿ. ಅದನ್ನು ಓದಿ ಹಲ್ಲು ಕಡಿದ ರಾಜಕಾರಣಿಗಳು ಕಮ್ಮಿಯಲ್ಲ. ಹಲ್ಲು ಕಡಿದವರಿಗೆ ಸಂಪಾದಕರ ಹೆಸರು ಗೊತ್ತಿತ್ತು, ಕಚೇರಿ ಗೊತ್ತಿತ್ತು, ಕೋರ್ಟಿನ ದಾರಿಯೂ ಗೊತ್ತಿತ್ತು. ಬರೆದವರು ಬರೆದದ್ದಕ್ಕೆ ಜವಾಬು ಕೊಡಬೇಕಿತ್ತು.

ಕಾನೂನು ಬಂದು ಫೋನಿನ ಸುದ್ದಿಗೂ ಅಂಥ ಜವಾಬು ಕಟ್ಟೋ ತನಕ ಪೆನ್ಶನ್ ಮೊಹಲ್ಲಾದಂಥ ಬೀದಿಗಳು ಕಾಯೋಕಾಗಲ್ಲ. ಈ ಕೆಲಸ ಅಂಗಡಿ ಕಟ್ಟೆಯಿಂದಲೇ ಶುರುವಾಗಬೇಕು. ಯಾಕೆ ಅಂದ್ರೆ ಪೇಟೆಯಲ್ಲಿ ಸುದ್ದಿ ನಿಂತು ಹೋಗೋದು ಅಲ್ಲೇ. ಗಿರಾಕಿ ಫೋನು ಮುಂದೆ ಹಿಡಿದು, "ನೋಡಿ ಅಣ್ಣಾ, ಏನಾಗೋಯ್ತು" ಅಂದಾಗ ಮೂರು ಮಾತು ಕೇಳಿ. ಯಾವೂರು? ಯಾವ ತಾರೀಖು? ನಿಮಗೆ ಕಳಿಸಿದೋರು ಯಾರು, ಅವರಿಗೆ ಗೊತ್ತಾ? ಮೂರಕ್ಕೂ ಉತ್ತರ ಇಲ್ಲದಿದ್ದರೆ ಆ ಸುದ್ದಿ ನಿಮ್ಮ ಗಲ್ಲಾದ ಹತ್ತಿರವೇ ನಿಲ್ಲಲಿ. ಅನಾಮಧೇಯ ಚೆಕ್ಕು ತಗೊಂಡು ಸರಕು ಕೊಡ್ತೀರಾ? ಅನಾಮಧೇಯ ಸುದ್ದಿ ತಗೊಂಡು ನಂಬಿಕೆ ಯಾಕೆ ಕೊಡ್ತೀರಿ?

ಬೀದಿಯಲ್ಲಿ ಯಾರನ್ನೋ ಹಿಡಿದು ಜನ ಸೇರಿದರೆ ಜೇಬಿನಿಂದ ಫೋನು ತೆಗೀರಿ, ಚಿತ್ರ ಹಿಡಿಯೋಕಲ್ಲ, 112ಕ್ಕೆ ಕರೆ ಮಾಡೋಕೆ. ನಿಜವಾದ ಕಳ್ಳನಾದರೂ ಅವನ ವಿಚಾರಣೆ ಕೋರ್ಟಿನದು, ಕ್ರಿಕೆಟ್ ಬ್ಯಾಟಿನದಲ್ಲ.

ಹಿಂದೆ ಅಚ್ಚು ಒತ್ತೋನು ಕೊನೇ ಸಾಲಿನಲ್ಲಿ ತನ್ನ ಹೆಸರು ಹಾಕಬೇಕಾಗಿತ್ತು. ಈಗ ಪ್ರತಿ ಜೇಬಿನಲ್ಲೂ ಒಂದೊಂದು ಅಚ್ಚುಕೂಟ ಇದೆ. ಫಾರ್ವರ್ಡ್ ಗುಂಡಿ ಒತ್ತೋ ಮುಂಚೆ ಒಂದು ಕ್ಷಣ ನಿಂತು, ಅದರ ಕೆಳಗೆ ನಿಮ್ಮ ಹೆಸರು, ನಿಮ್ಮ ಅಂಗಡಿ ಹೆಸರು, ನಿಮ್ಮ ರಸ್ತೆ ಹೆಸರು ಬರೆದು ನೋಡಿ. ಬರೆಯೋಕೆ ಧೈರ್ಯ ಇದ್ದರೆ ಕಳಿಸಿ. ಇಲ್ಲದಿದ್ದರೆ ಅಳಿಸಿ.